ಪ್ರಮಾಣಿಸಿ ನೋಡು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾನು ಇತರರಿಗೆ ಎಷ್ಟೋ ಸಾರಿ ಹೇಳಿದ್ದೇನೆ. ಅದು ನನಗೂ ಸಲ್ಲುವ ಮಾತು ಎಂಬುದನ್ನು ಕಲಿಸಿದವಳು ನನ್ನ ತಂಗಿಯ ಮಗಳು. ಅವಳು ಮಕ್ಕಳ ವೈದ್ಯೆ. ಹಸುಗೂಸುಗಳ ವಾರ್ಡಿನಲ್ಲಿ ಅವಳ ಕೆಲಸ. ನಮ್ಮ ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಗೋಷ್ಠಿಯಲ್ಲಿ ನಾನು ಅಮೆರಿಕಾದ ವಿಶ್ವವಿದ್ಯಾನಿಲಯಗಳ ಪ್ರವೇಶದ ವಿಷಯವಾಗಿ ಒಂದು ಭಾಷಣ ಮಾಡಿದ್ದೆ. ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೆ ಅಲ್ಲಿ ಕೊಡುತ್ತಿದ್ದ ಆದ್ಯತೆಯನ್ನು ಸಮರ್ಥಿಸುತ್ತ, ಕೊನೆಗೆ, ಕೇಳುವವರ ಮನಸ್ಸಿಗೆ ನಾಟಲಿ ಎಂದು ಒಂದು ಸಂಗತಿ ಹೇಳಿದೆ: ಅಪಾಯದಲ್ಲಿರುವ ಕಪ್ಪು ಶಿಶುವಿಗೆ ಕಪ್ಪು ವೈದ್ಯರೇ ದೊರೆತರೆ ಅದು ಬದುಕುವ ಸಂಭವ ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ. ಸಭೆ ನಿಶ್ಶಬ್ದವಾಯಿತು. ನನಗೆ ತೃಪ್ತಿಯಾಯಿತು.

ಆ ರಾತ್ರಿ ತಂಗಿಯ ಮನೆಯಲ್ಲಿ ಊಟ. ನಾನು ಮಜ್ಜಿಗೆ ಅನ್ನ ಕಲಸುತ್ತಿದ್ದಾಗ ಹುಡುಗಿ ಕೇಳಿದಳು: “ಮಾವ, ಒಂದು ಲೆಕ್ಕ ಕೇಳಲೇ? ಒಂದು ಆಸ್ಪತ್ರೆಯಲ್ಲಿ ಹುಟ್ಟಿದ ನೂರು ಕೂಸುಗಳಲ್ಲಿ ತೊಂಬತ್ತೊಂಬತ್ತು ಬದುಕುತ್ತವೆ ಎಂದಿಟ್ಟುಕೊಳ್ಳಿ. ಅದನ್ನು ಎರಡರಷ್ಟು ಮಾಡಿದರೆ ನೂರಕ್ಕೆ ಎಷ್ಟಾಯಿತು?”

“ನೂರ ತೊಂಬತ್ತೆಂಟು” ಎಂದೆ. ಎಂದ ಕೂಡಲೇ ನಾಲಗೆ ಕಚ್ಚಿಕೊಂಡೆ.

ನಾನು ಸಂಖ್ಯಾಶಾಸ್ತ್ರ ಓದಿದವನಲ್ಲ. ಕಾವ್ಯ ಕಾದಂಬರಿಗಳನ್ನು ಓದಿ ನಾಲ್ಕು ಮಾತು ಬರೆಯುವವನು. ಆದರೆ ಬದುಕುವ ಸಂಭವ ಎರಡರಷ್ಟಾಗಬೇಕಾದರೆ ಮೊದಲು ನೂರಕ್ಕೆ ಐವತ್ತು ಕೂಸುಗಳಾದರೂ ಸಾಯುತ್ತಿರಬೇಕು ಎಂದು ತಿಳಿಯಲು ಶಾಸ್ತ್ರ ಬೇಕಾಗಿಲ್ಲ. ಇಂಥ ಸರಳ ವಿಚಾರ ನನಗೆ ಏಕೆ ಹೊಳೆಯಲಿಲ್ಲ? ಈ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಜನಾಂಗವನ್ನೂ ವಿಶ್ವವಿದ್ಯಾನಿಲಯದ ಬಾಗಿಲನ್ನೂ ಕುರಿತು ಅಮೆರಿಕಾದಲ್ಲಿ ನಡೆದಿರುವ ದೊಡ್ಡ ವಾದದ ಕೆಲವು ಗ್ರಂಥಗಳನ್ನು, ತೀರ್ಪುಗಳನ್ನು ನಾನು ಆ ಬಳಿಕ ಮತ್ತೆ ಓದಿದೆ. ಸಾಹಿತ್ಯ ವಿಮರ್ಶಕನು ಒಂದು ಕೃತಿಯ ಮಾತನ್ನು ಹೇಗೆ ಒರೆಗೆ ಹಚ್ಚುತ್ತಾನೋ ಹಾಗೆ.

ಮೊದಲು ನನ್ನ ತಪ್ಪಿನ ವಂಶಾವಳಿ. 2023ರ ಜೂನ್ 29ರಂದು ಅಮೆರಿಕಾದ ಸುಪ್ರೀಂ ಕೋರ್ಟು, ಹಾರ್ವರ್ಡ್ ಮತ್ತು ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯಗಳ ಮೊಕದ್ದಮೆಯಲ್ಲಿ, ಪ್ರವೇಶ ಕೊಡುವಾಗ ಅರ್ಜಿದಾರರ ಜನಾಂಗವನ್ನು ಗಣನೆಗೆ ತೆಗೆದುಕೊಳ್ಳುವ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಬಹುಮತದ ತೀರ್ಪು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರದು. ಅದಕ್ಕೆ ಒಪ್ಪದೆ ಬೇರೆ ಬರೆದವರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಒಬ್ಬರು. ಶಿಶುಗಳ ಸಂಗತಿ ಅವರ ಬರಹದಲ್ಲಿದೆ. ಕಪ್ಪು ವಿದ್ಯಾರ್ಥಿಗಳಿಗೆ ವೈದ್ಯಕೀಯ ಕಾಲೇಜಿನ ಬಾಗಿಲು ತೆರೆದಿದ್ದರೆ ಕಪ್ಪು ಜನರ ಪ್ರಾಣ ಉಳಿಯುತ್ತದೆ ಎಂಬ ವಾದಕ್ಕೆ ಆಧಾರವಾಗಿ ಅದು ಅಲ್ಲಿ ಬಂದಿದೆ. ಅವರಿಗೆ ಅದು ದೊರೆತದ್ದು ಅಮೆರಿಕಾದ ವೈದ್ಯಕೀಯ ಕಾಲೇಜುಗಳ ಸಂಘ ಮೊದಲಾದವರು ನ್ಯಾಯಾಲಯಕ್ಕೆ ಸಲ್ಲಿಸಿದ ಒಂದು ನಿವೇದನೆಯಿಂದ. ನಿವೇದನೆಗೆ ಮೂಲ 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆ: ಫ್ಲಾರಿಡಾ ಸಂಸ್ಥಾನದ ಆಸ್ಪತ್ರೆಗಳಲ್ಲಿ 1992ರಿಂದ 2015ರ ವರೆಗೆ ಆದ ಸುಮಾರು 18 ಲಕ್ಷ ಜನನಗಳ ಪರಿಶೀಲನೆ.

ಆ ಸಂಶೋಧನೆ ಹೇಳಿದ್ದಾದರೂ ಏನು? ಅದರ ಮೊದಲ ಲೆಕ್ಕದ ಪ್ರಕಾರ, ವೈದ್ಯರು ಬಿಳಿಯರಾದಾಗ ಲಕ್ಷ ಜನನಗಳಿಗೆ ಕಪ್ಪು ಶಿಶುಗಳ ಸಾವು ಬಿಳಿಯ ಶಿಶುಗಳ ಸಾವಿಗಿಂತ 430 ಹೆಚ್ಚು. ವೈದ್ಯರು ಕಪ್ಪು ಜನಾಂಗದವರಾದಾಗ ಈ ಅಂತರ 173. ಅಂದರೆ ಸಾವಿನ ಅಂತರ ಅರ್ಧಕ್ಕಿಂತ ಕಡಮೆಯಾಯಿತು. ಸಾವಿನ ಅಂತರ ಅರ್ಧವಾಯಿತು ಎಂಬುದು ಒಂದು ಮಾತು. ಬದುಕು ಎರಡರಷ್ಟಾಯಿತು ಎಂಬುದು ಬೇರೆಯೇ ಮಾತು. ಮೊದಲನೆಯದು ಲಕ್ಷಕ್ಕೆ ಇನ್ನೂರ ಐವತ್ತೇಳು ಜೀವಗಳ ಮಾತು. ಎರಡನೆಯದು ಸಾಧ್ಯವೇ ಇಲ್ಲದ ಮಾತು. ಸಂಶೋಧನೆಯಿಂದ ನಿವೇದನೆಗೆ, ನಿವೇದನೆಯಿಂದ ತೀರ್ಪಿಗೆ, ತೀರ್ಪಿನಿಂದ ನಮ್ಮ ವಾಚನಾಲಯಕ್ಕೆ ಬರುವಷ್ಟರಲ್ಲಿ ಒಂದು ಅರ್ಧವು ಒಂದು ಇಮ್ಮಡಿಯಾಗಿತ್ತು. ತೀರ್ಪು ಹೊರಬಿದ್ದ ಮೇಲೆ ನಿವೇದನೆ ಬರೆದ ವಕೀಲರೇ ನ್ಯಾಯಾಲಯಕ್ಕೆ ಸ್ಪಷ್ಟೀಕರಣದ ಪತ್ರ ಬರೆದರು. ಅದು ಯಾರ ಕಿವಿಗೂ ಅಷ್ಟಾಗಿ ಬೀಳಲಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2024ರಲ್ಲಿ ಇನ್ನಿಬ್ಬರು ಸಂಶೋಧಕರು ಅದೇ ಫ್ಲಾರಿಡಾದ ಲೆಕ್ಕವನ್ನು ಮತ್ತೆ ತೆಗೆದು, ಮೊದಲಿನವರು ಗಮನಿಸದೆ ಬಿಟ್ಟ ಒಂದು ಅಂಶವನ್ನು ಸೇರಿಸಿದರು: ಹುಟ್ಟಿದಾಗ ಒಂದೂವರೆ ಕಿಲೋಗ್ರಾಮಿಗಿಂತ ಕಡಮೆ ತೂಕವಿದ್ದ ಶಿಶುಗಳು ಎಷ್ಟು ಎಂಬುದನ್ನು. ಅಂಥ ಶಿಶುಗಳೇ ಹೆಚ್ಚಾಗಿ ಸಾಯುವುದು. ಅವು ಬಿಳಿಯ ವೈದ್ಯರ ಪಾಲಿಗೆ ಹೆಚ್ಚಾಗಿ ಬಂದಿದ್ದವು. ಇದನ್ನು ಲೆಕ್ಕಕ್ಕೆ ಹಿಡಿದಾಗ ವೈದ್ಯರ ಜನಾಂಗದ ಪರಿಣಾಮ ಬಹುಮಟ್ಟಿಗೆ ಮಾಯವಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ನಾನು ಕಟ್ಟಿದ್ದು ಮಾತ್ರವಲ್ಲ, ಹಾಲು ಕರೆಯಲು ಚೆಂಬು ಹಿಡಿದು ಹೋಗಿದ್ದೆ.

ನಾನು ನಂಬಿದ್ದಕ್ಕೆ ಎರಡು ಕಾರಣ. ಮಾತು ಉನ್ನತ ನ್ಯಾಯಪೀಠದಿಂದ ಬಂದಿತ್ತು. ನಮ್ಮ ತಾರ್ಕಿಕರು ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪುತ್ತಾರೆ. ಎರಡನೆಯ ಕಾರಣ ಇದಕ್ಕಿಂತ ದೊಡ್ಡದು: ಅದು ನಿಜವಾಗಿರಲಿ ಎಂಬ ಆಸೆ ನನಗಿತ್ತು. ಎದುರು ಪಕ್ಷದವರು ಹೀಗೊಂದು ಅಂಕಿ ಹೇಳಿದ್ದರೆ ನಾನು ಕನ್ನಡಕ ಹಾಕಿಕೊಂಡು ಕೂಡುತ್ತಿದ್ದೆ. ನಮ್ಮ ಪಕ್ಷದ ಅಂಕಿಯಾದ್ದರಿಂದ ಕನ್ನಡಕ ತೆಗೆದಿಟ್ಟೆ.

ಈಗ ಎದುರು ಪಕ್ಷ. ಅವರ ಮುಖ್ಯ ಗ್ರಂಥಗಳಲ್ಲಿ ಒಂದು, 2012ರಲ್ಲಿ ಹೊರಬಂದ ರಿಚರ್ಡ್ ಸ್ಯಾಂಡರ್ ಮತ್ತು ಸ್ಟೂವರ್ಟ್ ಟೇಲರ್ ಅವರ ‘ಮಿಸ್‌ಮ್ಯಾಚ್’. ಹೊಂದಿಕೆಯಾಗದ ಜೋಡಿ ಎಂದು ಹೆಸರಿನ ಅರ್ಥ. ಆದ್ಯತೆಯಿಂದ ಒಳಗೆ ಬಂದ ವಿದ್ಯಾರ್ಥಿ ತನಗಿಂತ ಹೆಚ್ಚು ಸಿದ್ಧತೆಯುಳ್ಳವರ ನಡುವೆ ಸಿಕ್ಕಿ ಹಿಂದೆ ಬೀಳುತ್ತಾನೆ. ಸ್ವಲ್ಪ ಕೆಳಗಿನ ಕಾಲೇಜಿಗೆ ಹೋಗಿದ್ದರೆ ಮುಂದೆ ಬರುತ್ತಿದ್ದ. ಆದ್ದರಿಂದ ಉಪಕಾರವೇ ಅಪಕಾರ ಎಂಬುದು ಅವರ ವಾದ. ಇದನ್ನು ದ್ವೇಷದ ಗ್ರಂಥವೆಂದು ತಳ್ಳಿಹಾಕುವುದು ಅನ್ಯಾಯ. ಆ ವಿದ್ಯಾರ್ಥಿಗಳ ವಿಷಯದಲ್ಲಿ ಗ್ರಂಥಕರ್ತರಿಗಿರುವ ಕಾಳಜಿ ಬರಿಯ ವೇಷವೆಂದು ನನಗೆ ತೋರಲಿಲ್ಲ. ಅವರು ಕೇಳುವ ಪ್ರಶ್ನೆಯೂ ಯೋಗ್ಯವಾದದ್ದೇ: ಬಾಗಿಲು ತೆರೆದವರು ಒಳಗೆ ಬಂದವನ ಗತಿ ಏನಾಯಿತೆಂದು ನೋಡಿದ್ದಾರೆಯೇ?

ದೋಷವಿರುವುದು ಪ್ರಶ್ನೆಯಲ್ಲಲ್ಲ, ಯಾರನ್ನು ಎಣಿಸಬೇಕೆಂಬುದರಲ್ಲಿ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ 209ನೆಯ ಪ್ರಸ್ತಾವವನ್ನು ಅಂಗೀಕರಿಸಿ, ಅಲ್ಲಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಜನಾಂಗದ ಆದ್ಯತೆಯನ್ನು ನಿಲ್ಲಿಸಿದರು. 1998ರಿಂದ ಅದು ಪ್ರವೇಶಕ್ಕೆ ಅನ್ವಯಿಸಿತು. ಅನಂತರ ಅಲ್ಲಿ ಸೇರಿದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಲ್ಲಿ ಪದವಿ ಮುಗಿಸಿದವರ ಪ್ರಮಾಣ ಏರಿತು. ನೋಡಿ, ನಾವು ಹೇಳಿದ್ದೇ ನಿಜವಾಯಿತು ಎಂದರು. ಆದರೆ ಇಲ್ಲಿ ಎಣಿಸಿದ್ದು ಒಳಗೆ ಬಂದವರನ್ನು ಮಾತ್ರ. ಹೊರಗೆ ಉಳಿದವರು? ಝಕಾರಿ ಬ್ಲೀಮರ್ ಎಂಬ ಅರ್ಥಶಾಸ್ತ್ರಜ್ಞರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಜಿ ಹಾಕಿದವರೆಲ್ಲರ ಜಾಡನ್ನೂ ಹಿಡಿದು ಹೋದರು. ಮೇಲಿನ ಕಾಲೇಜು ತಪ್ಪಿದ ಕಪ್ಪು ಮತ್ತು ಹಿಸ್ಪಾನಿಕ್ ಹುಡುಗರು ಕೆಳಗಿನ ಕಾಲೇಜುಗಳಿಗೆ ಸರಿದರು. ವಾದದ ಪ್ರಕಾರ ಅವರು ಅಲ್ಲಿ ಬೆಳಗಬೇಕಾಗಿತ್ತು. ಬದಲಾಗಿ ಪದವಿ ಮುಗಿಸಿದವರು ಕಡಮೆಯಾದರು. 24ರಿಂದ 34 ವಯಸ್ಸಿನ ನಡುವಣ ಅವರ ಸಂಪಾದನೆ ನೂರಕ್ಕೆ ಸುಮಾರು 5ರಷ್ಟು ಇಳಿಯಿತು. ಈ ಅಧ್ಯಯನವನ್ನೂ ಪ್ರಶ್ನಿಸಿದವರಿದ್ದಾರೆ, ಪ್ರಶ್ನಿಸಲಿ. ನನಗೆ ಮುಖ್ಯವಾದದ್ದು ಇಷ್ಟೆ: ದೇವಸ್ಥಾನದ ಒಳಗೆ ಪ್ರಸಾದ ಸಿಕ್ಕವರನ್ನು ಮಾತ್ರ ಕೇಳಿ ಊರಿಗೆಲ್ಲ ಹೊಟ್ಟೆ ತುಂಬಿತೆಂದು ಹೇಳಬಾರದು.

ಇವೆರಡಕ್ಕಿಂತ ಹಳೆಯದು, ನನ್ನ ಮಟ್ಟಿಗೆ ಹೆಚ್ಚು ತೂಕದ್ದು, 1998ರ ‘ದಿ ಷೇಪ್ ಆಫ್ ದಿ ರಿವರ್’. ಇದನ್ನು ಬರೆದವರು ಪ್ರಿನ್ಸ್‌ಟನ್ನಿನ ಅಧ್ಯಕ್ಷರಾಗಿದ್ದ ವಿಲಿಯಂ ಬೋವೆನ್ ಮತ್ತು ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಡೆರೆಕ್ ಬಾಕ್. ನದಿಯ ಆಕಾರ ಎಂಬ ಹೆಸರು ಮಾರ್ಕ್ ಟ್ವೇನನಿಂದ ಬಂದದ್ದು. ಮಿಸಿಸಿಪಿಯಲ್ಲಿ ಹಡಗು ನಡೆಸುವವನು ನದಿಯ ತಿರುವು ಮಡುಗಳನ್ನೆಲ್ಲ ಬಲ್ಲವನಾಗಿರಬೇಕು. ಹಾಗೆಯೇ ಒಬ್ಬ ವಿದ್ಯಾರ್ಥಿಯ ಬಾಳು ನೆಟ್ಟಗಿನ ಕೊಳವೆಯಲ್ಲ, ಸುತ್ತಿ ಬಳಸಿ ಹರಿಯುವ ನದಿ ಎಂಬುದು ಭಾವ. 28 ಹೆಸರಾಂತ ಸಂಸ್ಥೆಗಳಲ್ಲಿ 1951, 1976 ಮತ್ತು 1989ರಲ್ಲಿ ಸೇರಿದ 80,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ಅವರ ಸಾಮಗ್ರಿ. 1989ರಲ್ಲಿ ಸೇರಿದ ಕಪ್ಪು ವಿದ್ಯಾರ್ಥಿಗಳಲ್ಲಿ ನೂರಕ್ಕೆ 75 ಮಂದಿ, ಬಿಳಿಯರಲ್ಲಿ 86 ಮಂದಿ, ಅದೇ ಸಂಸ್ಥೆಯಲ್ಲಿ ಆರು ವರ್ಷದೊಳಗೆ ಪದವಿ ಮುಗಿಸಿದ್ದರು. ಒಂದೇ ಅಂಕದ ಕಪ್ಪು ವಿದ್ಯಾರ್ಥಿಗಳನ್ನು ಹೋಲಿಸಿದಾಗ, ಹೆಚ್ಚು ಕಠಿಣ ಸಂಸ್ಥೆಗೆ ಸೇರಿದವರೇ ಹೆಚ್ಚಾಗಿ ಪದವಿ ಪಡೆದಿದ್ದರು.

ಈ ಗ್ರಂಥದಲ್ಲಿ ನಾನು ಮೆಚ್ಚಿದ್ದು ಅದರ ಸಂಯಮ. ತಮ್ಮ ವಾದಕ್ಕೆ ತೊಡಕಾಗುವುದನ್ನೂ ಅವರು ಮುಚ್ಚಿಡುವುದಿಲ್ಲ. ಅಂಕಗಳನ್ನು ನೋಡಿ ನಿರೀಕ್ಷಿಸಬಹುದಾದಷ್ಟು ಚೆನ್ನಾಗಿ ಕಪ್ಪು ವಿದ್ಯಾರ್ಥಿಗಳು ಕಾಲೇಜಿನ ಪರೀಕ್ಷೆಗಳಲ್ಲಿ ಮಾಡಲಿಲ್ಲವೆಂದು ಅವರೇ ಬರೆಯುತ್ತಾರೆ. ಅದಕ್ಕೆ ಸಂಸ್ಥೆಗಳ ಹೊಣೆ ಏನೆಂದು ಕೇಳುತ್ತಾರೆ. ಆದರೂ ಅವರು ಬಳಸಿದ ಒಂದು ಉಪಮೆಯ ಬಗ್ಗೆ ನನ್ನ ತಕರಾರಿದೆ. ಥಾಮಸ್ ಕೇನ್ ಎಂಬ ಅರ್ಥಶಾಸ್ತ್ರಜ್ಞರಿಂದ ಪಡೆದ ಉಪಮೆ ಅದು. ವಾಹನ ನಿಲ್ದಾಣದಲ್ಲಿ ಅಂಗವಿಕಲರಿಗೆಂದು ಒಂದು ಜಾಗ ಕಾದಿಟ್ಟಿದೆ. ಅದು ಖಾಲಿಯಿರುವುದನ್ನು ಕಂಡು ಹಾದುಹೋಗುವ ಪ್ರತಿಯೊಬ್ಬನೂ, ಇದೊಂದು ಇಲ್ಲದಿದ್ದರೆ ನನಗೆ ಸಿಗುತ್ತಿತ್ತು ಎಂದು ಗೊಣಗುತ್ತಾನೆ. ಎಲ್ಲರ ಗೊಣಗೂ ನಿಜವಾಗಲು ಸಾಧ್ಯವಿಲ್ಲ, ಜಾಗ ಒಂದೇ. ಆದ್ಯತೆಯನ್ನು ತೆಗೆದರೆ ಬಿಳಿಯ ಅರ್ಜಿದಾರರ ಪ್ರವೇಶದ ಸಂಭವ ನೂರಕ್ಕೆ 25 ಇದ್ದದ್ದು 26.5 ಆಗುತ್ತದೆ, ಅಷ್ಟೆ ಎಂದು ಗ್ರಂಥಕರ್ತರ ಲೆಕ್ಕ.

ಲೆಕ್ಕವನ್ನು ವಿವರಿಸುವುದಕ್ಕೆ ಉಪಮೆ ಬಹಳ ಚೆನ್ನಾಗಿದೆ. ನನ್ನ ಸ್ನೇಹಿತರೊಬ್ಬರು ಮೂವತ್ತು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದಾರೆ. ಮನೆಯಲ್ಲಿ ಕನ್ನಡ, ಅಲ್ಲಿಯ ಪಟ್ಟಿಯಲ್ಲಿ ಏಷ್ಯನ್. ಮಗನಿಗೆ ಬಯಸಿದ ಕಡೆ ಪ್ರವೇಶ ಸಿಗದಾಗ, “ನಮ್ಮ ಹುಡುಗನ ಜಾಗ ಹೋಯಿತು” ಎಂದು ಬರೆದರು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯನ್ನು ಹಿಂದಕ್ಕೆ ಕಳುಹಿಸುವ ಸಂಸ್ಥೆಯಲ್ಲಿ ‘ನಮ್ಮ ಜಾಗ’ ಎಂಬುದು ಯಾರಿಗೂ ಇರಲಿಲ್ಲವಲ್ಲ ಎಂದು ಅವರಿಗೆ ಬರೆಯಲು ಈ ಉಪಮೆ ನನಗೆ ನೆರವಾಯಿತು. ಆದರೆ ಉಪಮಾನವನ್ನು ಇನ್ನಷ್ಟು ನೋಡಿ. ಅಂಗವಿಕಲರಿಗೆ ಜಾಗ ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕಪ್ಪು ಅರ್ಜಿದಾರರಿಗೆ ಆದ್ಯತೆ ಬೇಕೇ ಎಂಬುದೇ ಇಲ್ಲಿಯ ವಿವಾದ. ಸಿದ್ಧಮಾಡಬೇಕಾದದ್ದನ್ನು ಉಪಮೆ ಮೊದಲೇ ಸಿದ್ಧವೆಂದು ಹಿಡಿದುಬಿಟ್ಟಿದೆ. ಆರೋಗ್ಯವಂತರಾದ ಜನರನ್ನು ಊನವುಳ್ಳವರಿಗೆ ಹೋಲಿಸುವುದರಲ್ಲಿ, ಬೇಕೆಂದಲ್ಲದಿದ್ದರೂ, ಒಂದು ಅವಮಾನ ಅಡಗಿದೆ. ಒಂದೂವರೆಯೇ ಆದರೂ ಅದು ಯಾರೋ ನಿಜವಾದ ಹುಡುಗ ಹುಡುಗಿಯರ ಒಂದೂವರೆ. ನನ್ನ ಸ್ನೇಹಿತರ ಪತ್ರದಲ್ಲಿದ್ದ ನೋವು ಲೆಕ್ಕ ತಪ್ಪಾದ ಮಾತ್ರಕ್ಕೆ ಸುಳ್ಳಾಗಲಿಲ್ಲ. ಅರ್ಜಿದಾರರ ವ್ಯಕ್ತಿಗುಣಕ್ಕೆ ಹಾರ್ವರ್ಡ್ ಕೊಡುತ್ತಿದ್ದ ಅಂಕಗಳಲ್ಲಿ ಏಷ್ಯನ್ ಮೂಲದವರು ಸರಾಸರಿಯಲ್ಲಿ ಹಿಂದಿದ್ದರೆಂಬುದು ಮೊಕದ್ದಮೆಯಲ್ಲಿ ಹೊರಬಂದ ಸಂಗತಿ. 2019ರಲ್ಲಿ ಕೆಳಗಿನ ನ್ಯಾಯಾಲಯ ಇದರಲ್ಲಿ ಉದ್ದೇಶಪೂರ್ವಕ ಭೇದವಿಲ್ಲವೆಂದಿತು. ಆದರೂ ಒಂದು ಇಡೀ ಸಮುದಾಯದ ಮಕ್ಕಳು ‘ಗುಣ’ದಲ್ಲಿ ಹಿಂದೆ ಎಂದಾಗ ಆ ಪದದ ಚರಿತ್ರೆಯನ್ನು ಕೇಳದೆ ಬಿಡಬಾರದು.

ಆ ಚರಿತ್ರೆಯನ್ನು ಜೆರೋಮ್ ಕ್ಯಾರಬೆಲ್ 2005ರ ತಮ್ಮ ‘ದಿ ಚೋಸನ್’ ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. 1922ರ ವೇಳೆಗೆ ಹಾರ್ವರ್ಡಿನ ಹೊಸ ವಿದ್ಯಾರ್ಥಿಗಳಲ್ಲಿ ಯಹೂದಿಗಳು ನೂರಕ್ಕೆ 21ರಷ್ಟಾಗಿದ್ದರು. ಪರೀಕ್ಷೆಯಲ್ಲಿ ಗೆದ್ದು ಬಂದವರು. ಅಧ್ಯಕ್ಷ ಲಾರೆನ್ಸ್ ಲೋವೆಲ್ ಅವರ ಸಂಖ್ಯೆಗೆ ಮಿತಿ ಹಾಕಬೇಕೆಂದರು. ಬಹಿರಂಗವಾದ ಮಿತಿಗೆ ಅಧ್ಯಾಪಕರು ಒಪ್ಪಲಿಲ್ಲ. 1926ರಲ್ಲಿ ಬೇರೆ ದಾರಿ ಸಿಕ್ಕಿತು: ಪರೀಕ್ಷೆಯ ಅಂಕ ಮಾತ್ರವಲ್ಲ, ‘ಚಾರಿತ್ರ್ಯ’ವನ್ನೂ ನೋಡಬೇಕು. ಯಹೂದಿಗಳ ಸಂಖ್ಯೆ ಇಳಿಯಿತು. ಚಾರಿತ್ರ್ಯ ಎಂಬ ಮಾತಿಗಿಂತ ಸಜ್ಜನವಾದ ಮಾತು ಯಾವುದಿದೆ? ಬಾಗಿಲು ಮುಚ್ಚಲು ಅದೇ ಬಳಕೆಯಾಯಿತು. ಹಾಗೆಂದು ಕೇವಲ ‘ಯೋಗ್ಯತೆ’ ಎಂದು ಘೋಷಿಸುವವರಿಗೂ ಸಮಾಧಾನವಿಲ್ಲ. ಯೋಗ್ಯರ ಆಳ್ವಿಕೆ ಎಂಬ ಅರ್ಥದ ‘ಮೆರಿಟಾಕ್ರಸಿ’ ಎಂಬ ಪದ ಜನಕ್ಕೆ ಪರಿಚಯವಾದದ್ದು 1958ರಲ್ಲಿ ಮೈಕಲ್ ಯಂಗ್ ಬರೆದ ಒಂದು ವಿಡಂಬನೆಯಿಂದ. ಅವರು ಎಚ್ಚರಿಕೆಗೆಂದು ಬಳಸಿದ ಪದವನ್ನು ಜನ ಹೊಗಳಿಕೆಯೆಂದು ತೆಗೆದುಕೊಂಡರು. ವಿಡಂಬನಕಾರರ ಪಾಡು ಎಲ್ಲ ಕಾಲಕ್ಕೂ ಇದೇ ಎಂದು ಕಾಣುತ್ತದೆ.

ಮೂರನೆಯ ಪದ ‘ವೈವಿಧ್ಯ’. ನನ್ನ ತಪ್ಪಿನ ಬೇರು ಇಲ್ಲಿದೆ ಎಂದು ಈಗ ತೋರುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ವೈದ್ಯಕೀಯ ಕಾಲೇಜು ತನ್ನ 100 ಸ್ಥಾನಗಳಲ್ಲಿ 16ನ್ನು ಅಲ್ಪಸಂಖ್ಯಾತರಿಗೆ ಕಾದಿಟ್ಟಿತ್ತು. ಪ್ರವೇಶ ಸಿಗದ ಅಲನ್ ಬಕ್ಕಿ ದಾವೆ ಹೂಡಿದರು. 1978ರಲ್ಲಿ ಸುಪ್ರೀಂ ಕೋರ್ಟು ಇಬ್ಭಾಗವಾಗಿ, ನ್ಯಾಯಮೂರ್ತಿ ಲೂಯಿಸ್ ಪವೆಲ್ ಅವರ ಮಾತೇ ನಿರ್ಣಾಯಕವಾಯಿತು. ಸ್ಥಾನಗಳನ್ನು ಕಾದಿಡಕೂಡದು, ಆದರೆ ಜನಾಂಗವನ್ನು ಅನೇಕ ಅಂಶಗಳಲ್ಲಿ ಒಂದಾಗಿ ನೋಡಬಹುದು ಎಂದರು. ಏಕೆ ನೋಡಬಹುದು? ಸಮಾಜ ಮಾಡಿದ ಹಳೆಯ ಅನ್ಯಾಯದ ಪರಿಹಾರಕ್ಕಾಗಿ ಅಲ್ಲ. ಆ ಕಾರಣ ಸಾಲದೆಂದರು. ವಿದ್ಯಾರ್ಥಿಗಳಲ್ಲಿ ವೈವಿಧ್ಯವಿದ್ದರೆ ವಿದ್ಯೆಗೆ ಲಾಭವಿದೆ ಎಂಬ ಕಾರಣಕ್ಕಾಗಿ. ಅಂದಿನಿಂದ 45 ವರ್ಷ, ಗುಲಾಮಗಿರಿಯ ವಂಶಜರ ಪರವಾಗಿ ಮಾತನಾಡುವವರು ನ್ಯಾಯಾಲಯದಲ್ಲಿ, ಇವರಿಗೆ ಅನ್ಯಾಯವಾಗಿದೆ ಎಂಬ ನೇರವಾದ ಮಾತನ್ನು ಮುಂದಿಡಲಾರದೆ, ಇವರಿಂದ ಇತರರಿಗೆ ಇಂತಿಂಥ ಪ್ರಯೋಜನವಿದೆ ಎಂದು ತೋರಿಸಬೇಕಾಯಿತು.

ನ್ಯಾಯದ ಮಾತಿಗೆ ಬಾಯಿ ಕಟ್ಟಿದಾಗ ಲಾಭದ ಲೆಕ್ಕ ಒಪ್ಪಿಸಬೇಕಾಗುತ್ತದೆ. ನ್ಯಾಯ ಹೊರಬೇಕಾದ ಭಾರವನ್ನು ಅಂಕಿಯ ಹೆಗಲಿಗೆ ಹೊರಿಸಿದರೆ ಅಂಕಿ ಉಬ್ಬುತ್ತದೆ, ಇಲ್ಲವೇ ಮುರಿಯುತ್ತದೆ. ಶಿಶುಗಳ ವಾಕ್ಯದಲ್ಲಿ ಆದದ್ದು ಇದು. 2023ರ ತೀರ್ಪಿನಲ್ಲಿ ಬಹುಮತದವರು, ವಿಶ್ವವಿದ್ಯಾನಿಲಯಗಳು ಹೇಳುವ ಪ್ರಯೋಜನಗಳು ಪ್ರಶಂಸನೀಯವಾದರೂ ನ್ಯಾಯಾಲಯ ಅಳೆದು ನೋಡಲು ಬರುವಂಥವಲ್ಲ ಎಂದರು. ಅಳತೆಗೆ ಸಿಕ್ಕುವ ಕಾರಣವನ್ನು ತನ್ನಿ ಎಂದು ಕಳುಹಿಸಿ, ತಂದ ಮೇಲೆ ಇದು ಅಳತೆಗೆ ಸಿಕ್ಕದು ಎಂದಂತಾಯಿತು.

ನಮ್ಮಲ್ಲಿ ಈ ತೀರ್ಪನ್ನು ಅನೇಕರು ‘ಅಮೆರಿಕಾದಲ್ಲಿ ಮೀಸಲಾತಿ ರದ್ದು’ ಎಂದು ಅರ್ಥಮಾಡಿಕೊಂಡರು. ಈ ಭಾಷಾಂತರ ತಪ್ಪು. ಮೀಸಲು ಎಂಬುದು ಅಲ್ಲಿ 1978ರಲ್ಲೇ ನಿಷಿದ್ಧವಾಗಿತ್ತು. 2023ರಲ್ಲಿ ಹೋದದ್ದು ಅನೇಕ ಗುಣಗಳ ನಡುವೆ ಜನಾಂಗಕ್ಕೂ ಒಂದಿಷ್ಟು ತೂಕ ಕೊಡುವ ಪದ್ಧತಿ. ನಮ್ಮ ದಾರಿಯೇ ಬೇರೆ. ಮೈಸೂರು ಸಂಸ್ಥಾನದಲ್ಲಿ 1918ರಲ್ಲೇ ಮಿಲ್ಲರ್ ಸಮಿತಿ ಕೂತದ್ದು, ಸರ್ಕಾರಿ ನೌಕರಿಯಲ್ಲಿ ಒಂದೇ ಜಾತಿಯವರು ತುಂಬಿರುವುದು ಸರಿಯೇ ಎಂಬ ನೇರ ಪ್ರಶ್ನೆಯ ಮೇಲೆ. 1951ರಲ್ಲಿ ನಮ್ಮ ಸಂವಿಧಾನಕ್ಕೆ ಮಾಡಿದ ಮೊದಲ ತಿದ್ದುಪಡಿ, ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದವರು ಎಂದು ಬಾಯಿಬಿಟ್ಟು ಹೇಳಿತು. ನಾವು ಲೆಕ್ಕದ ಜಗಳದಿಂದ ಪಾರಾದೆವೆಂದಲ್ಲ. ಮೈಸೂರು ಸರ್ಕಾರ 1962ರಲ್ಲಿ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ನೂರಕ್ಕೆ 68 ಸ್ಥಾನಗಳನ್ನು ಕಾದಿಟ್ಟಾಗ, ಬಾಲಾಜಿ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿ, ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆಯಿರಬೇಕೆಂದಿತು. ಆದರೆ ನಮ್ಮ ಜಗಳ ಯಾರು ಹಿಂದುಳಿದವರು, ಎಷ್ಟು ಎಂಬುದರ ಮೇಲೆ. ಅಲ್ಲಿಯದು, ಕಾರಣ ಹೇಳುವುದಕ್ಕೇ ಅವಕಾಶವಿಲ್ಲದವರ ಜಗಳ. ಒಂದರ ಅಂಕಿಯನ್ನು ತಂದು ಇನ್ನೊಂದರ ಮೇಲೆ ಎಸೆಯುವವರು ಎರಡನ್ನೂ ಓದಿಲ್ಲ.

ತೀರ್ಪಾದ ಮೇಲೆ ಹೊಸ ಅಂಕಿಗಳು ಬಂದವು. 2024ರಲ್ಲಿ ಸೇರಿದವರಲ್ಲಿ ಕಪ್ಪು ವಿದ್ಯಾರ್ಥಿಗಳು ಎಂ.ಐ.ಟಿ.ಯಲ್ಲಿ ನೂರಕ್ಕೆ 13 ಇದ್ದದ್ದು 5 ಆಯಿತು. ಏಷ್ಯನ್ ಮೂಲದವರು 40 ಇದ್ದದ್ದು 47 ಆಯಿತು. ಅನ್ಯಾಯ ಎಂದು ಒಬ್ಬರು, ನ್ಯಾಯ ಎಂದು ಇನ್ನೊಬ್ಬರು ಕೂಗಿದರು. ಅದೇ ವರ್ಷ ಯೇಲಿನಲ್ಲಿ ಕಪ್ಪು ವಿದ್ಯಾರ್ಥಿಗಳು 14ರಲ್ಲೇ ನಿಂತು ಏಷ್ಯನ್ ಮೂಲದವರು 30ರಿಂದ 24ಕ್ಕೆ ಇಳಿದರು. ಇದಕ್ಕೆ ಎರಡು ಪಕ್ಷದವರ ಹತ್ತಿರವೂ ಸಿದ್ಧ ಉತ್ತರವಿರಲಿಲ್ಲ. ಹಾರ್ವರ್ಡಿನಲ್ಲಿ ಕಪ್ಪು ವಿದ್ಯಾರ್ಥಿಗಳು 18ರಿಂದ 14ಕ್ಕೆ ಇಳಿದರು, ಏಷ್ಯನ್ನರು 37ರಲ್ಲೇ ನಿಂತರು. ಆದರೆ ತಮ್ಮ ಜನಾಂಗ ಯಾವುದೆಂದು ಹೇಳದವರು 4ರಿಂದ 8ಕ್ಕೆ ಏರಿದ್ದರು. ಶೇಕಡಾ ತೆಗೆದದ್ದು ಹೇಳಿದವರನ್ನು ಮಾತ್ರ ಹಿಡಿದು. ಅಂದರೆ ಯಾರಲ್ಲಿ ನೂರು ಎಂಬುದೇ ಒಂದು ವರ್ಷದಲ್ಲಿ ಬದಲಾಗಿತ್ತು. ಮರುವರ್ಷ ಅಲ್ಲಿ ಕಪ್ಪು ವಿದ್ಯಾರ್ಥಿಗಳು 11.5ಕ್ಕೆ ಇಳಿದು ಏಷ್ಯನ್ನರು 41ಕ್ಕೆ ಏರಿದರು. ಮೊದಲ ವರ್ಷವೇ ಕೊನೆಯ ಮಾತು ಆಡಿದವರು ಅವಸರಪಟ್ಟಿದ್ದರು.

ಕೂಗಾಟದಲ್ಲಿ ಕೇಳದೆ ಹೋಗುವ ಅಂಕಿಯೂ ಒಂದಿರುತ್ತದೆ. ಹಾರ್ವರ್ಡಿನ ವಿರುದ್ಧ ಸಾಕ್ಷ್ಯ ಹೇಳಿದ ಪಕ್ಷದ ಅರ್ಥಶಾಸ್ತ್ರಜ್ಞ ಪೀಟರ್ ಆರ್ಸಿಡಿಯಾಕೊನೊ ಮತ್ತು ಅವರ ಸಂಗಡಿಗರೇ 2019ರಲ್ಲಿ ತೋರಿಸಿದಂತೆ, ಅಲ್ಲಿ ಪ್ರವೇಶ ಪಡೆದ ಬಿಳಿಯರಲ್ಲಿ ನೂರಕ್ಕೆ 43ಕ್ಕೂ ಹೆಚ್ಚು ಮಂದಿ ಆಟಗಾರರು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ದಾನಿಗಳ ಕಡೆಯವರು ಮುಂತಾಗಿ ಡೀನರ ಪಟ್ಟಿಯಲ್ಲಿದ್ದವರು, ಇಲ್ಲವೇ ಸಂಸ್ಥೆಯ ಅಧ್ಯಾಪಕರು ಮತ್ತು ನೌಕರರ ಮಕ್ಕಳು. ಈ ವಿಶೇಷವಿಲ್ಲದಿದ್ದರೆ ಅವರಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಪ್ರವೇಶ ಸಿಗುತ್ತಿರಲಿಲ್ಲವೆಂದು ಅವರ ಅಂದಾಜು. ಈ ಆದ್ಯತೆ 2023ರ ಮೊಕದ್ದಮೆಯ ವಿಷಯವೇ ಆಗಿರಲಿಲ್ಲ. ಯಾರ ಜಾಗ ಯಾರಿಗೆ ಹೋಯಿತೆಂದು ಕೇಳುವಾಗ ಕಣ್ಣು ಒಂದೇ ಕಡೆಗೆ ಏಕೆ ಹೊರಳುತ್ತದೆ ಎಂಬುದೂ ವಿಮರ್ಶೆಯ ಪ್ರಶ್ನೆಯೇ.

ಮುಂದಿನ ತಿಂಗಳ ಗೋಷ್ಠಿಯಲ್ಲಿ ನಾನು ಎದ್ದು ನಿಂತು, ಹೋದ ತಿಂಗಳು ಹೇಳಿದ ಶಿಶುಗಳ ಸಂಗತಿ ತಪ್ಪು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಇಂಜಿನಿಯರೊಬ್ಬರು, “ಹಾಗಾದರೆ ನಿಮ್ಮ ವಾದವೇ ಬಿದ್ದುಹೋಯಿತಲ್ಲ ಸ್ವಾಮಿ?” ಎಂದರು. ನಾನು ಹೇಳಿದೆ: ಮನೆಯ ಮುಂದೆ ನಾನು ನಿಲ್ಲಿಸಿದ್ದ ಸುಳ್ಳು ಕಂಬವೊಂದು ಬಿತ್ತು, ಮನೆ ಅದರ ಮೇಲೆ ನಿಂತಿರಲಿಲ್ಲ. ತಲೆತಲಾಂತರ ಓದು ಬರಹವನ್ನೇ ತಡೆದ ಜನರ ಮಕ್ಕಳಿಗೆ ಬಾಗಿಲಲ್ಲಿ ಏನು ಸಲ್ಲಬೇಕು ಎಂಬುದು ನ್ಯಾಯದ ಪ್ರಶ್ನೆ. ಅದು ಶಿಶುಗಳ ಲೆಕ್ಕದಿಂದ ಹುಟ್ಟಿದ್ದಲ್ಲ, ಅದರಿಂದ ಸಾಯುವುದೂ ಇಲ್ಲ. ಆದರೆ ಆ ಪ್ರಶ್ನೆ ಕೇಳುವವನು ಸುಳ್ಳು ಅಂಕಿ ಹೇಳಿದರೆ ಜನ ಪ್ರಶ್ನೆಯನ್ನೇ ಸುಳ್ಳೆನ್ನುತ್ತಾರೆ. ನಾನು ಮಾಡಿದ ಅಪರಾಧ ಅದು.

ಇಂಜಿನಿಯರು ಒಪ್ಪಲಿಲ್ಲ. ಇನ್ನೊಬ್ಬರು ಅವರಿಗೆ ಉತ್ತರ ಕೊಟ್ಟರು. ಕಾಲೇಜಿನ ಹುಡುಗಿಯೊಬ್ಬಳು, ನೂರಕ್ಕೆ ಇಷ್ಟು ಎಂದಿರಲ್ಲ, ಯಾವ ನೂರಕ್ಕೆ ಎಂದು ನನ್ನನ್ನೇ ಹಿಡಿದಳು. ಒಂಬತ್ತು ಗಂಟೆಗೆ ವಾಚನಾಲಯದ ಜವಾನ ದೀಪ ಆರಿಸಿ ನಮ್ಮನ್ನು ಹೊರಗೆ ಕಳುಹಿಸುವವರೆಗೂ ಮಾತು ನಡೆಯಿತು. ಮನೆಗೆ ಹೋಗುವಾಗ ತಂಗಿಯ ಮಗಳು, “ಈ ಸಾರಿ ಸಭೆ ನಿಶ್ಶಬ್ದವಾಗಲಿಲ್ಲ, ಮಾವ” ಎಂದಳು. ಹೌದು, ಆಗಲಿಲ್ಲ. ಹೋದ ಸಾರಿಯ ನಿಶ್ಶಬ್ದಕ್ಕಿಂತ ಈ ಗದ್ದಲ ನನಗೆ ಹಿತವಾಗಿತ್ತು.